ಮಗಳಿಗೊಂದು ಪತ್ರ: ಮೊದಲು ನಿಲ್ಲಿಸುವುದನ್ನು ಕಲಿ

ಧಾರವಾಡ

ಪ್ರೀತಿಯ ಮಗಳೇ,

ಬರುವ ತಿಂಗಳು ನಿನಗೆ 18 ತುಂಬುತ್ತದೆ. ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲಿನಿಂದ ಕಾಲೇಜಿಗೆ ಓಡಾಡಲು ಸ್ಕೂಟರ್ ಬೇಕು ಅಂತ ಅವ್ವನ ಕಡೆಯಿಂದ ಹೇಳಿಸಿದ್ದೀ. ಕೊಡಿಸುತ್ತೇನೆ. ಆದರೆ ಗಾಡಿಗಿಂತ ಮೊದಲು ಈ ಪತ್ರ ನಿನ್ನ ಕೈ ಸೇರಲಿ. ಒಂದೇ ಸಂಜೆಯಲ್ಲಿ ಕಲಿತೆವು ಅಂತ ನಿನ್ನ ಗೆಳತಿಯರು ಹೇಳುವುದು ಗಾಡಿ ಮುಂದೆ ಓಡಿಸುವುದನ್ನು. ಗೇರಿಲ್ಲದ ಗಾಡಿಯಲ್ಲಿ ಅದಕ್ಕೆ ಬಲಗೈ ಮಣಿಕಟ್ಟು ತಿರುವಿದರೆ ಸಾಕು. ಕಲಿಯಲು ದಿನ ಹಿಡಿಯುವುದು ನಿಲ್ಲಿಸುವುದು.

ಕಾಗದಪತ್ರದ ಮಾತು ಮೊದಲು ಮುಗಿಸುತ್ತೇನೆ. 16 ವರ್ಷಕ್ಕೇ ಲೈಸೆನ್ಸ್ ಸಿಗುತ್ತದೆ ಎಂದು ನೀನು ವಾದಿಸುತ್ತಿದ್ದೆಯಲ್ಲ, ಅದು 50 ಸಿಸಿ ಮೀರದ ಗಾಡಿಗೆ ಮಾತ್ರ. ಇವತ್ತು ಕಾಲೇಜಿನ ಹುಡುಗ ಹುಡುಗಿಯರು ಓಡಿಸುವ ಪೆಟ್ರೋಲ್ ಸ್ಕೂಟರುಗಳು 100 ಸಿಸಿಗಿಂತ ಮೇಲಿನವು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ತುಂಬುವ ತನಕ ಲೈಸೆನ್ಸೇ ಇಲ್ಲ. ಚಾವಿ ಕೊಡಲಿಲ್ಲ ಅಂತ ನೀನು ಎರಡು ವರ್ಷ ಮುನಿಸಿಕೊಂಡೆ. ಕಾರಣ ಇದಷ್ಟೇ ಅಲ್ಲ, ಆದರೆ ಇದೂ ಒಂದು.

ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕು. ಅದರ ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಆರ್‌ಟಿಒ ಮುಂದೆ ಗಾಡಿ ಓಡಿಸಿ ತೋರಿಸಬಹುದು. ಅಲ್ಲಿಯವರೆಗೆ ಮುಂದೆಯೂ ಹಿಂದೆಯೂ ಎಲ್ ಬೋರ್ಡ್ ಇರಬೇಕು: ಕನಿಷ್ಠ 18 ಸೆಂ.ಮೀ. ಚೌಕದ ಬಿಳಿ ಹಲಗೆ, ಅದರ ಮೇಲೆ 10 ಸೆಂ.ಮೀ. ಎತ್ತರದ ಕೆಂಪು ಅಕ್ಷರ. ಹಿಂದಿನ ಸೀಟಿನಲ್ಲಿ ಲೈಸೆನ್ಸ್ ಇರುವ, ಕಲಿಸುವವರು ಮಾತ್ರ ಕೂಡಬಹುದು. ಗೆಳತಿಯನ್ನು ಕೂರಿಸಿಕೊಂಡರೆ ತಪ್ಪು. ಆ 30 ದಿನ ಕಾಯುವುದಕ್ಕಲ್ಲ, ಕಲಿಯುವುದಕ್ಕೆ ಕೊಟ್ಟದ್ದು.

ಈಗ ಬ್ರೇಕಿನ ಮಾತು. ಇದನ್ನು ಎರಡು ಸಲ ಓದು.

ಹೊಸದಾಗಿ ಕಲಿಯುವವರು ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಎದುರಿಗೆ ಏನಾದರೂ ಬಂದಾಗ ಹೆದರಿ ಬಲಗೈ ಬಿಗಿ ಹಿಡಿಯುತ್ತಾರೆ. ಆ ಕೈಯಲ್ಲಿ ಮುಂದಿನ ಬ್ರೇಕೂ ಇದೆ, ಎಕ್ಸಲರೇಟರೂ ಇದೆ. ಬೆರಳು ಬ್ರೇಕ್ ಎಳೆಯುವಾಗ ಅಂಗೈ ರೇಸ್ ಕೊಡುತ್ತಿರುತ್ತದೆ, ಗಾಡಿ ನಿಲ್ಲುವ ಬದಲು ನುಗ್ಗುತ್ತದೆ. ಅದಕ್ಕೇ ಹಿಡಿಕೆ ಹಿಡಿಯುವಾಗ ಬಲ ಮಣಿಕಟ್ಟು ಕೆಳಗೆ ಬಾಗಿಸಬೇಡ, ಮುಂಗೈ ಜೊತೆ ನೇರವಾಗಿರಲಿ. ಮೊದಲು ರೇಸ್ ಪೂರ್ತಿ ಬಿಡು, ಆಮೇಲೆ ಎರಡೂ ಬ್ರೇಕ್ ಒಟ್ಟಿಗೆ. ಹಿಂಡುವುದು ಒದ್ದೆ ಬಟ್ಟೆ ಹಿಂಡಿದ ಹಾಗೆ, ಹಂತ ಹಂತವಾಗಿ ಬಿಗಿ. ಒಮ್ಮೆಲೇ ಜಗ್ಗಿದರೆ ಗಾಲಿ ತಿರುಗುವುದು ನಿಲ್ಲುತ್ತದೆ, ಗಾಡಿ ಮಾತ್ರ ಜಾರುತ್ತ ಹೋಗುತ್ತದೆ.

ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿಯಾಗುತ್ತದೆ ಎನ್ನುವವರ ಮಾತು ಕೇಳಬೇಡ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬರುತ್ತದೆ, ಹಿಂದಿನದು ಹಗುರಾಗುತ್ತದೆ. ಒಣ ರಸ್ತೆಯಲ್ಲಿ ಗಾಡಿಯನ್ನು ನಿಜವಾಗಿ ತಡೆಯುವುದು ಮುಂದಿನ ಬ್ರೇಕೇ. ಅಪಾಯ ಇರುವುದು ಹ್ಯಾಂಡಲ್ ತಿರುಗಿದ್ದಾಗ ಅಥವಾ ಉಸುಕಿನ ಮೇಲೆ ಅದನ್ನು ಜೋರಾಗಿ ಹಿಡಿಯುವುದರಲ್ಲಿ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿಕೋ. ಹೊಸ ಸ್ಕೂಟರುಗಳಲ್ಲಿ ಎಡಗೈ ಬ್ರೇಕ್ ಹಿಡಿದರೆ ಎರಡೂ ಗಾಲಿಗೆ ಹಿಡಿಯುವ ಕಾಂಬಿ ಬ್ರೇಕ್ ಇರುತ್ತದೆ. ಅದಿದೆ ಅಂತ ಬಲಗೈ ಬ್ರೇಕ್ ಮರೆಯಬೇಡ.

ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಕಣ್ಣು ಕಂಡದ್ದನ್ನು ಕೈ ಮಾಡುವಷ್ಟರಲ್ಲಿ ಒಂದು ಸೆಕೆಂಡಾದರೂ ಹೋಗುತ್ತದೆ. ಆಮೇಲೆ ಒಣ ರಸ್ತೆ, ಒಳ್ಳೆ ಟೈರ್ ಇದ್ದರೂ ನಿಲ್ಲಲು ಸುಮಾರು ಮತ್ತೆ 10 ಮೀಟರ್. 60ರಲ್ಲಿ ಕೈ ಏಳುವಷ್ಟರಲ್ಲಿ 17 ಮೀಟರ್, ನಿಲ್ಲಲು 23ರ ಆಸುಪಾಸು. ವೇಗ ಒಂದೂವರೆ ಪಟ್ಟಾದರೆ ಬ್ರೇಕಿನ ದೂರ ಎರಡು ಪಟ್ಟು ದಾಟುತ್ತದೆ. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ. 50ರಲ್ಲಿ ಎರಡು ಸೆಕೆಂಡು ಮೊಬೈಲ್ ನೋಡಿದರೆ 28 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಮೊಬೈಲ್ ಸೀಟಿನ ಕೆಳಗಿನ ಡಿಕ್ಕಿಯಲ್ಲಿರಲಿ. ನಾನು ಫೋನ್ ಮಾಡಿದರೂ ಎತ್ತಬೇಡ.

ನಮ್ಮ ಕಡೆಯ ರಸ್ತೆಗೆ ಈ ಲೆಕ್ಕ ಸಾಲದು. ಅಣ್ಣಿಗೇರಿ, ನವಲಗುಂದದ ಕಡೆ ಎರೆ ಹೊಲದಿಂದ ಟ್ರ್ಯಾಕ್ಟರ್ ಹೊರಬಂದಾಗ ಗಾಲಿಗೆ ಮೆತ್ತಿದ ಮಣ್ಣು ಡಾಂಬರಿನ ಮೇಲೆ ಉದುರುತ್ತದೆ. ಸಣ್ಣ ಮಳೆ ಬಿದ್ದರೆ ಅದು ಬೆಣ್ಣೆ. ಜೋರು ಮಳೆಗಿಂತ ಮೊದಲ ಮಳೆಯ ಅರ್ಧ ಗಂಟೆ ಕೆಟ್ಟದ್ದು, ರಸ್ತೆಯ ಎಣ್ಣೆ, ಧೂಳು ಇನ್ನೂ ತೊಳೆದು ಹೋಗಿರುವುದಿಲ್ಲ. ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕ್ ಹಿಡಿಯಬೇಡ. ಸುಗ್ಗಿಯಲ್ಲಿ ಜೋಳ, ತೊಗರಿಯ ರಾಶಿಯನ್ನು ರಸ್ತೆ ಮೇಲೇ ಮಾಡುತ್ತಾರೆ. ಸುತ್ತ ಇಟ್ಟ ಕಲ್ಲುಗಳು ರಾಶಿ ಎತ್ತಿದ ಮೇಲೂ ಅಲ್ಲೇ ಉಳಿದಿರುತ್ತವೆ. ರಾತ್ರಿ ಕಬ್ಬು ತುಂಬಿದ ಎರಡು ಟ್ರೇಲರಿಗೆ ಹಿಂದೆ ದೀಪವೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ. ಮಳೆಗಾಲದಲ್ಲಿ ಊರಿನ ಬಿಡಾಡಿ ದನಗಳು ಬೆಚ್ಚಗಿನ ಡಾಂಬರಿನ ಮೇಲೆಯೇ ಮಲಗುತ್ತವೆ. ಡಿಮ್ ಲೈಟಿನಲ್ಲಿ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸುವಂತಿದ್ದರೆ ಮಾತ್ರ ಆ ವೇಗ ನಿನ್ನದು.

ಹುಬ್ಬಳ್ಳಿಯೊಳಗೆ ಬೇರೆ ತಕರಾರು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಪ್ರತ್ಯೇಕ ಲೇನ್ ರಸ್ತೆಯ ನಡುವಿದೆ, ಎರಡೂ ದಿಕ್ಕಿಗೆ ಬಸ್ ಓಡುತ್ತವೆ. ಎಷ್ಟು ಖಾಲಿ ಕಂಡರೂ ಆ ಲೇನಿಗೆ ಇಳಿಯಬೇಡ. ಬಲಕ್ಕೆ ತಿರುಗುವಾಗ ಅದನ್ನು ದಾಟಲೇಬೇಕು. ಸಿಗ್ನಲ್ ಹಸಿರಾದರೂ ಎರಡೂ ಕಡೆ ಕತ್ತು ತಿರುಗಿಸಿ ನೋಡಿಯೇ ದಾಟು. ನಿಲ್ದಾಣ ನಡುವೆಯೇ ಇರುವುದರಿಂದ ಇಳಿದವರು ನಿನ್ನ ಲೇನಿಗೆ ಅಡ್ಡ ಬರುತ್ತಾರೆ, ನಿಲ್ದಾಣದ ಮುಂದೆ 30ಕ್ಕೆ ಇಳಿಸು. ಲಾರಿ, ಬಸ್ಸಿನ ಎಡ ಮಗ್ಗುಲಿಗೆ ನುಸುಳಬೇಡ. ಡ್ರೈವರಿನ ಕನ್ನಡಿ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ. ಮೊದಲ ಆರು ತಿಂಗಳು ಧಾರವಾಡಕ್ಕೆ ಬರಲು ಚಿಗರಿ ಹತ್ತು. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಹೆಸರೇ ಎತ್ತಬೇಡ, ಅದು ವರ್ಷಗಟ್ಟಲೆ ಡಿವೈಡರ್ ಇಲ್ಲದ ಎರಡೇ ಲೇನಿನ ಹೆದ್ದಾರಿಯಾಗಿ ಎಷ್ಟೋ ಮನೆಗಳ ದೀಪ ಆರಿಸಿದ ದಾರಿ.

ಹೆಲ್ಮೆಟಿಗೆ ಐಎಸ್ಐ ಗುರುತು, ಐಎಸ್ 4151 ಎಂದು ಇರಬೇಕು. ಹಾಕಿಕೊಂಡು ತಲೆ ಅಲುಗಿಸಿದರೆ ಅದು ತಲೆಯ ಜೊತೆಗೇ ಅಲುಗಬೇಕು. ಬೆಲ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳಿನಷ್ಟು ಸಂದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಕುಸಿದಿರುತ್ತದೆ, ಬದಲಿಸಬೇಕು. ಹಿಂದೆ ಕೂತವಳಿಗೂ ಒಂದು ಬೇಕು. ವೇಲ್ ಅನ್ನು ಸೊಂಟಕ್ಕೆ ಕಟ್ಟಿ ಗಂಟು ಹಾಕು. ಕುತ್ತಿಗೆಗೆ ಸುತ್ತಿ ತುದಿ ಹಿಂದೆ ಬಿಟ್ಟರೆ ಗಾಲಿಗೆ ಸಿಕ್ಕು ಉರುಳಾಗುತ್ತದೆ. ಟೈರಿನ ಹವಾ 15 ದಿನಕ್ಕೊಮ್ಮೆ, ಗಾಡಿ ಬಿಸಿಯಾಗುವ ಮೊದಲೇ ನೋಡಿಸು. ಇಬ್ಬರು ಕೂತಾಗ ಹಿಂದಿನದಕ್ಕೆ ಎಷ್ಟು ಹೆಚ್ಚು ಬೇಕೆಂದು ಗಾಡಿಯ ಪುಸ್ತಕದಲ್ಲಿದೆ.

ಎಲ್‌ಎಲ್ ಬಂದ ವಾರ ಊರಿಗೆ ಬಾ. ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನ ಖಾಲಿ ಇರುತ್ತದೆ. ಮೊದಲ ಇಪ್ಪತ್ತು ನಿಮಿಷ ಎಂಜಿನ್ ಬಂದ್. ಗಾಡಿ ತಳ್ಳುತ್ತ ನಡೆದು, ಸ್ಟ್ಯಾಂಡ್ ಹಾಕಿ ತೆಗೆದು, ಅದರ ಭಾರ ತಿಳಿದುಕೊಳ್ಳುವುದು. ಆಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. 20ರ ವೇಗದಲ್ಲಿ ಬಂದು ಗೆರೆ ದಾಟಿದ ತಕ್ಷಣ ನಿಲ್ಲಿಸುವುದು, ಹತ್ತು ಸಲ. ಸರಿಯಾದರೆ 30ರಲ್ಲಿ ಮತ್ತೆ ಹತ್ತು. ಎಂಟರ ಆಕಾರ ತಿರುಗಿಸುವುದು ಮುಂದಿನ ವಾರಕ್ಕಿರಲಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ