ಹೊತ್ತು ಹೋದದ್ದೆಲ್ಲಿಗೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಹತ್ತು ಹನ್ನೆರಡು ವರ್ಷ ಜತನದಿಂದ ಇಟ್ಟುಕೊಂಡಿದ್ದ ಖಾತೆಯನ್ನು ಒಂದೇ ರಾತ್ರಿಯಲ್ಲಿ ಅಳಿಸಿಹಾಕಿದೆಯೆಂದೂ, ಸಾಮಾಜಿಕ ಜಾಲತಾಣಗಳೆಂದರೆ ಶುದ್ಧ ಕಾಲಹರಣವೆಂಬುದು ಈಗ ಖಾತ್ರಿಯಾಗಿದೆಯೆಂದೂ, ನಾನೂ ತಡಮಾಡದೆ ನಿನ್ನ ದಾರಿ ಹಿಡಿಯಬೇಕೆಂದೂ ಬರೆದಿದ್ದೀಯೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನನ್ನದೂ ಹೌದು. ಉಳಿದ ಕಾಲು ಪಾಲಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಲಿದೆ.

ಮೊದಲು ನನ್ನ ತಪ್ಪೊಪ್ಪಿಗೆ. ಕೆಲವು ತಿಂಗಳ ಹಿಂದೆ, ಎರಡು ವಾರದ ಮಟ್ಟಿಗೆ, ಒಂದು ಸಣ್ಣ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆ. ಜಾಲತಾಣವನ್ನು ತೆರೆದಾಗಲೆಲ್ಲ ಯಾತಕ್ಕಾಗಿ ತೆರೆದೆನೆಂದು ಎಡಗಡೆಯಲ್ಲಿಯೂ, ಮುಚ್ಚುವಾಗ ಏನು ನೋಡಿ ಬಂದೆನೆಂದು ಬಲಗಡೆಯಲ್ಲಿಯೂ ಬರೆಯಬೇಕೆಂಬುದು ನಾನೇ ಹಾಕಿಕೊಂಡ ನಿಯಮ. ಮೂರನೆಯ ದಿನದ ಹೊತ್ತಿಗೆ ಎಡಗಡೆ ಬರೆಯಲು ಏನೂ ಇರಲಿಲ್ಲ. ನಾನು ಯೋಚಿಸುವುದಕ್ಕೆ ಮೊದಲೇ ಕೈ ಫೋನಿನತ್ತ ಹೋಗಿರುತ್ತಿತ್ತು. ಬಲಗಡೆಯ ಕಥೆ ಇನ್ನೂ ನಾಚಿಕೆಗೇಡು: ಐದು ನಿಮಿಷದ ಹಿಂದೆ ನೋಡಿದ್ದೇನೆಂಬುದೇ ನೆನಪಿಗೆ ಬರುತ್ತಿರಲಿಲ್ಲ. ಒಂದು ದಿನ ಪರಿಚಿತರೊಬ್ಬರ ಮಗಳ ಮದುವೆಯ ದಿನಾಂಕ ನೋಡಲೆಂದು ಹೋದವನು, ಮುಕ್ಕಾಲು ಗಂಟೆ ಕಳೆದು, ಯಾರೋ ಅಪರಿಚಿತ ತುಕ್ಕು ಹಿಡಿದ ಕೊಡಲಿಯೊಂದನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡುವ ವಿಡಿಯೊವನ್ನು ಕಣ್ಣು ಮಿಟುಕಿಸದೆ ನೋಡಿ, ದಿನಾಂಕವನ್ನು ಮಾತ್ರ ನೋಡದೆಯೇ ಹೊರಬಂದಿದ್ದೆ. ನೀನು ಕಾಲಹರಣವೆನ್ನುವುದು ಇದನ್ನಾದರೆ ನಮ್ಮಿಬ್ಬರ ನಡುವೆ ಜಗಳವೇ ಇಲ್ಲ.

ಆದರೆ ಈ ತಾಣಗಳು ಹುಟ್ಟಿದಾಗಲೇ ಹೀಗಿರಲಿಲ್ಲ. 2004ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಶುರುವಾದಾಗ ಅಲ್ಲಿದ್ದದ್ದು ಮುಖ್ಯವಾಗಿ ಜನರ ಪುಟಗಳು. ಗೆಳೆಯನೊಬ್ಬ ಹೇಗಿದ್ದಾನೆಂದು ತಿಳಿಯಬೇಕಾದರೆ ಅವನನ್ನು ನೆನೆದು, ಅವನ ಪುಟಕ್ಕೇ ಹೋಗಬೇಕಾಗಿತ್ತು. ಅದೇ ವರ್ಷ ಬಂದ ಆರ್ಕುಟ್‌ನಲ್ಲೂ ಅಷ್ಟೆ: ಒಬ್ಬರ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಎರಡು ಸಾಲು ಬರೆದು, ಉತ್ತರ ಬಂದಿದೆಯೇ ಎಂದು ಮರುದಿನ ಇಣುಕುತ್ತಿದ್ದೆವು. ಅದು ಒಬ್ಬರ ಮನೆಗೆ ಹೋಗಿ ಬಾಗಿಲು ತಟ್ಟುವ ಕ್ರಮ. 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡನ್ನು ತಂದಾಗ ಈ ಕ್ರಮ ತಲೆಕೆಳಗಾಯಿತು. ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಎಲ್ಲರ ಮನೆಯ ಸುದ್ದಿಯೂ ತಾನಾಗಿ ನಮ್ಮೆದುರು ಹರಿದು ಬರತೊಡಗಿತು. ಬಳಕೆದಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಇದನ್ನು ವಿರೋಧಿಸಿದರು. ತಮಾಷೆಯೆಂದರೆ, ವಿರೋಧದ ಗುಂಪು ಅಷ್ಟು ಬೇಗ ಬೆಳೆಯಲು ಆ ಫೀಡೇ ನೆರವಾಯಿತು. ಯಾರು ಯಾರು ಗುಂಪನ್ನು ಸೇರಿದರೆಂಬ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುತ್ತಿದ್ದದ್ದು ಅದೇ ತಾನೆ! ಮುಂದೆ 2009ರಲ್ಲಿ ಲೈಕ್ ಗುಂಡಿ ಬಂತು. 2016ರಲ್ಲಿ ಇನ್‌ಸ್ಟಾಗ್ರಾಮ್ ಕೂಡ, ಹೊಸದು ಮೊದಲು ಹಳೆಯದು ಆಮೇಲೆ ಎಂಬ ಸರಳ ಅನುಕ್ರಮವನ್ನು ಬಿಟ್ಟು, ಯಾವುದನ್ನು ಮೊದಲು ತೋರಿಸಬೇಕೆಂಬ ತೀರ್ಮಾನವನ್ನು ಅಲ್ಗಾರಿದಮ್‌ಗೆ, ಅಂದರೆ ಕಂಪ್ಯೂಟರಿನ ಲೆಕ್ಕಾಚಾರಕ್ಕೆ, ಒಪ್ಪಿಸಿತು.

ಕಾದಂಬರಿ ಬಂದಾಗಲೂ ರೇಡಿಯೊ ಬಂದಾಗಲೂ ಹಿರಿಯರು ಹೀಗೆಯೇ ಬೈದಿದ್ದರು, ಇದೂ ಹಾಗೆಯೇ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಪತ್ರಿಕೆಗೆ ಕೊನೆಯ ಪುಟವಿದೆ, ಕಾದಂಬರಿಗೆ ಮುಗಿಯುವ ಅಧ್ಯಾಯವಿದೆ, ಹಿಂದಿನ ರೇಡಿಯೊ ರಾತ್ರಿಯಾದರೆ ಪ್ರಸಾರ ನಿಲ್ಲಿಸುತ್ತಿತ್ತು. ಸಾಕು ಎಂದು ಹೇಳುವ ಜಾಗವೊಂದು ಅವುಗಳೊಳಗೇ ಇತ್ತು. ಪುಟದ ಬುಡ ಬರುವ ಮೊದಲೇ ಮುಂದಿನದು ತಾನಾಗಿ ತುಂಬಿಕೊಳ್ಳುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್, ತಾನು ಮಾಡಿದ್ದರ ಬಗ್ಗೆ ಅನಂತರ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟಿದ್ದಾನೆ. ಬುಡವಿಲ್ಲದ ಪಾತ್ರೆಯಿಂದ ಕುಡಿಯಲು ಕೂತವನಿಗೆ ಹೊಟ್ಟೆ ತುಂಬಿತೆಂದು ತಿಳಿಯುವುದು ಯಾವಾಗ?

ಇದೆಲ್ಲ ಯಾರ ದುಷ್ಟತನವೂ ಅಲ್ಲ, ವ್ಯಾಪಾರದ ತರ್ಕ. ನಾವು ಈ ತಾಣಗಳಿಗೆ ದುಡ್ಡು ಕೊಡುವುದಿಲ್ಲ. ದುಡ್ಡು ಕೊಡುವವರು ಜಾಹೀರಾತುದಾರರು, ಅವರಿಗೆ ಬೇಕಾದದ್ದು ನಮ್ಮ ಕಣ್ಣು. ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬರ ಬರುತ್ತದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಷ್ಟು ಹಿಂದೆಯೇ ಹೇಳಿದ್ದ. ಆ ಬರದ ಕಾಲದಲ್ಲಿ ಗಮನವನ್ನೇ ಮಾರಾಟಕ್ಕಿಟ್ಟವರು ಇವರು. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷನಾಗಿದ್ದ ಶಾನ್ ಪಾರ್ಕರ್, ಜನರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚು ಕಬಳಿಸುವುದು ಹೇಗೆಂಬುದೇ ಆರಂಭದಿಂದ ತಮ್ಮೆದುರಿಗಿದ್ದ ಪ್ರಶ್ನೆಯೆಂದು 2017ರಲ್ಲಿ ಒಪ್ಪಿಕೊಂಡ. ಮರುವರ್ಷದ ಆರಂಭದಲ್ಲಿ ಫೇಸ್‌ಬುಕ್ಕಿನ ಸ್ಥಾಪಕ ಮಾರ್ಕ್ ಝುಕರ್‌ಬರ್ಗ್ ಇನ್ನೊಂದು ಲೆಕ್ಕ ಕೊಟ್ಟ: ವೈರಲ್ ವಿಡಿಯೊಗಳನ್ನು ತೋರಿಸುವುದನ್ನು ಕಡಿಮೆ ಮಾಡಿದ್ದರಿಂದ, ಬಳಕೆದಾರರೆಲ್ಲ ಸೇರಿ ಫೇಸ್‌ಬುಕ್ಕಿನಲ್ಲಿ ಕಳೆಯುವ ಕಾಲ ದಿನಕ್ಕೆ ಸುಮಾರು 5 ಕೋಟಿ ಗಂಟೆಗಳಷ್ಟು ಇಳಿದಿದೆ ಎಂದು. ನಾನು ಕಾಗದ ಪೆನ್ಸಿಲು ಹಿಡಿದು ಕೂತೆ. 5 ಕೋಟಿ ಗಂಟೆಗಳೆಂದರೆ ಐದು ಸಾವಿರದ ಏಳುನೂರು ವರ್ಷ, ಅದೂ ಒಂದು ದಿನಕ್ಕೆ! ಆದರೆ ಆಗ ದಿನವೂ ಅಲ್ಲಿಗೆ ಬರುತ್ತಿದ್ದ ಸುಮಾರು 140 ಕೋಟಿ ಜನರಿಗೆ ಅದನ್ನು ಹಂಚಿದರೆ ತಲೆಗೆ ಬರುವುದು ಬರೀ ಎರಡು ನಿಮಿಷ. ಈ ನಷ್ಟದ ಗುಟ್ಟು ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಹೊತ್ತು ನಮ್ಮಿಂದ ಒಮ್ಮೆಗೇ ಹೋಗುವುದಿಲ್ಲ. ಇರುವೆ ಸಕ್ಕರೆ ಹೊತ್ತಂತೆ ಕಾಳು ಕಾಳಾಗಿ ಹೋಗುತ್ತದೆ. ಡಬ್ಬಿಯ ಮುಚ್ಚಳ ತೆಗೆದಾಗಲೇ ನಮಗೆ ಗೊತ್ತಾಗುವುದು.

ಹಾಗಾದರೆ ಬಿಟ್ಟುಬಿಟ್ಟರೆ ಏನು ಸಿಗುತ್ತದೆ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2018ರಲ್ಲಿ, ಅಮೆರಿಕದ ಚುನಾವಣೆಗೆ ಮುಂಚಿನ ನಾಲ್ಕು ವಾರ, ಒಂದಷ್ಟು ಜನರಿಗೆ ಹಣ ಕೊಟ್ಟು ಅವರ ಫೇಸ್‌ಬುಕ್ ಖಾತೆಗಳನ್ನು ನಿಷ್ಕ್ರಿಯಗೊಳಿಸಿಟ್ಟು, ಅರ್ಥಶಾಸ್ತ್ರಜ್ಞರ ತಂಡವೊಂದು ಅವರನ್ನು ಗಮನಿಸಿತು. ಸರಾಸರಿ ದಿನಕ್ಕೊಂದು ಗಂಟೆ ಅವರಿಗೆ ಮಿಕ್ಕಿತು. ಮನಸ್ಸಿನ ನೆಮ್ಮದಿ ಹೆಚ್ಚಿತು, ಆದರೆ ಸ್ವಲ್ಪವೇ. ರಾಜಕೀಯದ ಕಾವು ತುಸು ತಣ್ಣಗಾಯಿತು. ಜೊತೆಗೆ ಲೋಕದ ಸುದ್ದಿಯ ತಿಳಿವಳಿಕೆಯೂ ಇಳಿಯಿತು. ಮಿಕ್ಕ ಹೊತ್ತಿನಲ್ಲಿ ಒಂದು ಪಾಲು ಮನೆಯವರ ಮತ್ತು ಗೆಳೆಯರ ಸಂಗದಲ್ಲಿ ಕಳೆಯಿತು, ಇನ್ನೊಂದು ಪಾಲು ಒಬ್ಬರೇ ಕೂತು ಟಿವಿ ನೋಡುವುದರಲ್ಲಿ. ಈ ಕೊನೆಯ ವಿವರ ಓದಿ ನಾನು ನಕ್ಕೆ, ಯಾಕೆಂದರೆ ನೀನು ಬಿಡುವಾದ ಹೊತ್ತಿನಲ್ಲಿ ಓದಬೇಕೆಂದಿರುವ ಪುಸ್ತಕಗಳ ಪಟ್ಟಿಯನ್ನೂ ಪತ್ರದ ಕೊನೆಗೆ ಲಗತ್ತಿಸಿದ್ದೀಯೆ. ಬೇಸರ ಮಾಡಿಕೊಳ್ಳಬೇಡ, ಆ ಪಟ್ಟಿಯಲ್ಲಿ ಎಷ್ಟು ಓದಿದೆಯೆಂದು ನಾಲ್ಕು ವಾರ ಕಳೆದ ಮೇಲೆ ಕೇಳುತ್ತೇನೆ.

ಇನ್ನು ನನ್ನ ಕಾಲು ಪಾಲಿನ ತಕರಾರು. ತಂದೆಯವರ ಕಾಯಿಲೆಗೆ ವೈದ್ಯರು ಹೆಸರು ಹೇಳಿದಾಗ, ಆ ಹೆಸರನ್ನು ಅದಕ್ಕೆ ಮೊದಲು ನಾನಾಗಲಿ, ನನಗೆ ಗೊತ್ತಿದ್ದ ಯಾರೇ ಆಗಲಿ ಕೇಳಿರಲಿಲ್ಲ. ಆಪ್ತರೆಲ್ಲ ಬಂದರು, ಧೈರ್ಯ ಹೇಳಿದರು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಯಾರಿಗೂ ಏನೂ ಗೊತ್ತಿರಲಿಲ್ಲ. ಬಹಳ ಹಿಂದೆ ಜೊತೆಯಲ್ಲಿ ಕೆಲಸ ಮಾಡಿದ್ದ, ಈಗ ಎದುರಿಗೆ ಬಂದರೆ ಗುರುತು ಹಿಡಿಯಲಾರೆನೇನೋ ಎನಿಸುವ ಒಬ್ಬರು, ಅದೇ ಕಾಯಿಲೆಯವರ ಮನೆಮಂದಿಯ ಗುಂಪೊಂದು ಜಾಲತಾಣದಲ್ಲಿದೆಯೆಂದು ಒಂದು ಸಾಲು ಬರೆದರು. ಅಲ್ಲಿ, ನಡುರಾತ್ರಿಯಲ್ಲಿ ನಾನು ಹಾಕಿದ ಪ್ರಶ್ನೆಗೆ, ಮುಖವನ್ನೇ ಕಾಣದ ಹೆಂಗಸೊಬ್ಬರು ಕೂತು ಉತ್ತರ ಬರೆದರು. ಮುಂದಿನ ತಿಂಗಳು ಏನಾಗುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಅವರು ತಮ್ಮ ಗಂಡನ ಕಾಯಿಲೆಯಿಂದ ಕಲಿತಿದ್ದರು. ಆ ರಾತ್ರಿಯ ಎರಡು ಗಂಟೆಗಳನ್ನು ನಾನು ಯಾವ ಲೆಕ್ಕಕ್ಕೆ ಬರೆಯಲಿ, ಹೇಳು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿಯೇ ಇದಕ್ಕೊಂದು ಕಾರಣ ಕೊಟ್ಟಿದ್ದ: ಹತ್ತಿರದವರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ, ಹೊಸ ಕೆಲಸ, ಹೊಸ ದಾರಿ ಸಿಗುವುದು ದೂರದ ಪರಿಚಯಗಳ ಮೂಲಕ. ಉದ್ಯೋಗದ ಸಂಪರ್ಕಗಳಿಗೆಂದೇ ಇರುವ ಲಿಂಕ್ಡ್‌ಇನ್ ತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೂ, ಉದ್ಯೋಗದ ಮಟ್ಟಿಗೆ, ಈ ಮಾತನ್ನು ಹೆಚ್ಚುಕಡಿಮೆ ಎತ್ತಿಹಿಡಿಯಿತು. ಹಿಂದಾದರೆ ಊರು ಬದಲಾದಾಗ, ಕೆಲಸ ಬದಲಾದಾಗ ಇಂಥ ಪರಿಚಯಗಳು ಸದ್ದಿಲ್ಲದೆ ಕಳಚಿಹೋಗುತ್ತಿದ್ದವು. ಅವನ್ನು ಹೆಚ್ಚಿನ ಖರ್ಚಿಲ್ಲದೆ ಉಳಿಸಿಕೊಡುವ ಒಂದೇ ಒಂದು ಉಪಕಾರವನ್ನು ಈ ತಾಣಗಳು ಮಾಡುತ್ತಿವೆ, ಅದಕ್ಕೆ ವಿಪರೀತ ಬಡ್ಡಿಯನ್ನೂ ಕೀಳುತ್ತಿವೆ. ನಾನು ಹೊಡೆದಾಡಬೇಕಾದದ್ದು ಬಡ್ಡಿಯ ವಿರುದ್ಧ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ನನ್ನಿಂದಾಗದು.

ನಾನು ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ಫೋನಿನಿಂದ ಆ ಆ್ಯಪ್‌ಗಳನ್ನು ತೆಗೆದೆ. ದಿನಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತು, ಫೀಡಿನ ಗೊಡವೆಗೆ ಹೋಗದೆ, ಹೆಸರು ಹುಡುಕಿ ಜನರ ಪುಟಗಳಿಗೇ ಹೋಗುತ್ತೇನೆ, 2004ರಲ್ಲಿ ಹೋಗುತ್ತಿದ್ದರಲ್ಲ ಹಾಗೆ. ಹೋದಲ್ಲಿ ಒಂದು ಸಾಲಾದರೂ ಬರೆದು ಬರುತ್ತೇನೆ, ಲೈಕ್ ಒತ್ತಿ ಜಾರಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ನಿಯಮ ಮುರಿಯುತ್ತೇನೆ. ಮೊನ್ನೆ ಭಾನುವಾರ ಮತ್ತೆ ಅದೇ ಕೊಡಲಿಯವನು ಸಿಕ್ಕಿದ್ದ, ಈ ಸಲ ಅವನ ಕೈಯಲ್ಲಿ ಹಳೆಯ ಬೀಗವಿತ್ತು.

ಕೊನೆಗೊಂದು ವಿಷಯ. ಫೇಸ್‌ಬುಕ್ಕಾಗಲಿ ಇನ್‌ಸ್ಟಾಗ್ರಾಮಾಗಲಿ, ಅಳಿಸಲು ಹೇಳಿದ ಖಾತೆಯನ್ನು ಮೂವತ್ತು ದಿನ ಹಾಗೆಯೇ ಇಟ್ಟುಕೊಂಡು, ಮನಸ್ಸು ಬದಲಾದೀತೇನೋ ಎಂದು ಕಾಯುತ್ತವೆ. ನಿನ್ನ ಪತ್ರದ ತಾರೀಖಿನಿಂದ ಲೆಕ್ಕ ಹಾಕಿದರೆ ಇನ್ನೂ ಹನ್ನೊಂದು ದಿನ ಉಳಿದಿವೆ. ಖಾತೆಯನ್ನು ಮರಳಿ ಪಡೆ ಎಂದು ನಾನು ಹೇಳುವುದಿಲ್ಲ, ಅದು ನಿನ್ನ ಇಷ್ಟ. ಆದರೆ ನಮ್ಮ ಕಾಲೇಜಿನ ದಿನಗಳ ಫೋಟೊಗಳಿದ್ದದ್ದು ನಿನ್ನ ಪುಟದಲ್ಲಿ ಮಾತ್ರ. ಅವನ್ನು ಇಳಿಸಿಕೊಂಡು ನನಗೊಂದು ಪ್ರತಿ ಕಳಿಸು. ನಿನ್ನ ತಾಯಿಯವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದದ್ದು ನನಗೆ ತಿಳಿದದ್ದೂ ಆ ಪುಟದಿಂದಲೇ. ಇನ್ನು ಮುಂದೆ ಅಂಥ ಸುದ್ದಿಯನ್ನು ನೀನೇ ಬರೆದು ತಿಳಿಸಬೇಕಾಗುತ್ತದೆ. ಅಮ್ಮನಿಗೆ ಈಗ ಅಕ್ಷರಗಳು ಸರಿಯಾಗಿ ಕಾಣುತ್ತಿವೆಯೇ?

ಉತ್ತರಕ್ಕಾಗಿ ಕಾದಿರುವ,
ನಿನ್ನ ಗೆಳೆಯ