ಮಧ್ಯಾಹ್ನ ಆದ್ಮೇಲೆ ಸೋನಾರ್‌ಗೆ ಕಿವಿ ಮಂದ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ಪತ್ರಿಕೇಲಿ ಸಬ್‌ಮರೀನ್, ಸೋನಾರ್ (ನೀರೊಳಗೆ ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಕೇಳಿ ಏನಿದೆ ಅಂತ ಪತ್ತೆ ಹಚ್ಚೋ ಯಂತ್ರ) ಬಗ್ಗೆ ಬಂದ ಲೇಖನ ಓದ್ದೆ. ಚೆನ್ನಾಗೇ ಇತ್ತು, ಆದ್ರೆ ಸಮುದ್ರದ ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಅಂತ ಒಂದು ಸಾಲು ಹಾಕಿ ಮುಂದಕ್ಕೆ ಹೋಗ್ಬಿಟ್ಟಿದ್ದಾರೆ, ಮಜಾ ಇರೋದೇ ಆ ಸಾಲಲ್ಲಿ. ಅದು ಬರೀ ಅಂದಾಜು ಲೆಕ್ಕ ಸ್ವಾಮಿ. ನೀರು ಒಂದು ಡಿಗ್ರಿ ಬಿಸಿ ಆದ್ರೆ ವೇಗ 2ರಿಂದ 4 ಮೀಟರ್ ಏರುತ್ತೆ, ಮಳೆಗಾಲಕ್ಕೆ ಮುಂಚೆ ನಮ್ಮ ಅರಬ್ಬೀ ಸಮುದ್ರದ ಮೇಲ್ಗಡೆ ನೀರು 30 ಡಿಗ್ರಿ ಮುಟ್ಟಿದಾಗ 1540 ದಾಟಿರುತ್ತೆ.

ಇಷ್ಟು ಚಿಲ್ಲರೆ ವ್ಯತ್ಯಾಸಕ್ಕೆ ಏನಾಗುತ್ತೆ ಅಂತೀರಾ? ಶಬ್ದ ನೆಟ್ಟಗೆ ಹೋಗಲ್ಲ. ಒಂದು ಚಕ್ರ ಮರಳಿಗಿಳಿದ ಗಾಡಿ ಆ ಕಡೆಗೇ ಎಳೆಯೋ ಹಾಗೆ, ಶಬ್ದ ಯಾವಾಗ್ಲೂ ವೇಗ ಕಮ್ಮಿ ಇರೋ ಕಡೆಗೆ, ಅಂದ್ರೆ ಸಾಮಾನ್ಯವಾಗಿ ತಣ್ಣಗಿನ ನೀರಿನ ಕಡೆಗೆ ಬಾಗುತ್ತೆ. 1930ರ ದಶಕದಲ್ಲಿ ಕ್ಯೂಬಾದ ಗ್ವಾಂಟನಾಮೊ ಹತ್ರ ಅಮೆರಿಕದ ನೌಕಾಪಡೆಯವರಿಗೆ ಇದೇ ತಲೆನೋವು, ಬೆಳಿಗ್ಗೆ ಚೆನ್ನಾಗಿ ಸಿಗ್ತಿದ್ದ ಸಬ್‌ಮರೀನ್ ಮಧ್ಯಾಹ್ನ ಆದ್ಮೇಲೆ ಅದೇ ಸೋನಾರ್‌ಗೆ ಸಿಗ್ತಾನೇ ಇರ್ಲಿಲ್ಲ, ಆಪರೇಟರ್‌ಗಳು ಊಟ ಮಾಡಿ ತೂಕಡಿಸ್ತಿದ್ದಾರೆ ಅಂತ ಮೊದಲು ಅವರ ಮೇಲೇ ಅನುಮಾನ ಬಂತಂತೆ! ನೀರಿಗೆ ಥರ್ಮಾಮೀಟರ್ ಇಳಿಸಿ ನೋಡಿದಾಗ ಗೊತ್ತಾಯ್ತು, ಗಾಳಿ ಇಲ್ದೆ ಬಿಸಿಲು ಹೊಡೆದ ದಿನ ಮೇಲಿನ ಕೆಲವೇ ಮೀಟರ್ ನೀರು ಒಂದೆರಡು ಡಿಗ್ರಿ ಕಾಯುತ್ತೆ, ಅಷ್ಟಕ್ಕೇ ಶಬ್ದ ಕೆಳಕ್ಕೆ ಬಾಗಿ ದೂರದಲ್ಲಿ ಶಬ್ದ ಮುಟ್ಟದ ಒಂದು ನೆರಳು ಬೀಳುತ್ತೆ, ಆ ನೆರಳಲ್ಲಿ ಸಬ್‌ಮರೀನ್ ಆರಾಮಾಗಿ ಇರ್ಬಹುದು. ಆಳಕ್ಕೆ ಹೋದಂತೆ ಶಾಖ ಎಷ್ಟಿದೆ ಅಂತ ಗೀಚಿ ತೋರಿಸೋ ಬ್ಯಾತಿಥರ್ಮೋಗ್ರಾಫ್ ಆಮೇಲೆ ಯುದ್ಧದ ಹಡಗುಗಳಿಗೆಲ್ಲ ಬಂತು, ಸಬ್‌ಮರೀನ್‌ನವರೂ ಬಚ್ಚಿಟ್ಕೊಳ್ಳೋಕೆ ಅದನ್ನೇ ಇಟ್ಕೊಂಡ್ರು. (ಮಲ್ಪೆ ಬೋಟ್‌ನವರ ಫಿಶ್ ಫೈಂಡರ್‌ಗೆ ಈ ರಗಳೆ ಅಷ್ಟಿಲ್ಲ, ಅದು ಶಬ್ದ ಬಿಡೋದು ನೇರ ಕೆಳಕ್ಕೆ.)

ಇನ್ನೂ ಆಳಕ್ಕೆ ಹೋದ್ರೆ ನೀರು ಹೆಚ್ಚುಕಮ್ಮಿ ಒಂದೇ ಥರ ತಣ್ಣಗಿರುತ್ತೆ, ಒತ್ತಡ ಮಾತ್ರ ಏರ್ತಾ ಹೋಗಿ ವೇಗ ಮತ್ತೆ ಜಾಸ್ತಿ ಆಗುತ್ತೆ. ಮಧ್ಯೆ ವೇಗ ಎಲ್ಲಕ್ಕಿಂತ ಕಮ್ಮಿ ಇರೋ ಪದರದಲ್ಲಿ ಸಿಕ್ಕಿಬಿದ್ದ ಶಬ್ದ ಎಲ್ಲಿಗೋ ಹೋಗ್ಬಿಡುತ್ತೆ, 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಹತ್ರ ಸಿಡಿಸಿದ ಸ್ಫೋಟಕದ ಸದ್ದು ಸುಮಾರು 20,000 ಕಿಲೋಮೀಟರ್ ದೂರದ ಬರ್ಮುಡಾದಲ್ಲಿ ದಾಖಲಾಯ್ತು.

ಸಮುದ್ರ ಬಿಸಿ ಆಗ್ತಿದೆ ಅಂದ್ರೆ ಪೇಪರ್‌ನಲ್ಲಿ ಬರೋದು ಬಂಗುಡೆ, ಬೂತಾಯಿ, ಚಂಡಮಾರುತ ಇಷ್ಟೇ. ಬರೀಲಿ, ಬೇಡ ಅನ್ನಲ್ಲ. ಆದ್ರೆ ಕಾರವಾರದಲ್ಲಿ ಅಷ್ಟು ದೊಡ್ಡ ನೌಕಾನೆಲೆ ಇಟ್ಕೊಂಡು, ಪಕ್ಕದ ಕೊಚ್ಚಿಯಲ್ಲಿ ಇದನ್ನೇ ಅಧ್ಯಯನ ಮಾಡೋ ಡಿಆರ್‌ಡಿಒ ಲ್ಯಾಬ್ ಇದ್ದೂ, ಬಿಸಿ ನೀರು ಶಬ್ದಕ್ಕೆ ಏನು ಮಾಡುತ್ತೆ ಅಂತ ನಮ್ಮ ಭಾಷೇಲಿ ಒಂದು ಪುಟ ಯಾಕಿಲ್ಲ? ನಿಮ್ಮ ವಿಜ್ಞಾನ ಪುರವಣಿಯವರು ಅಲ್ಲಿನ ವಿಜ್ಞಾನಿಗಳನ್ನ ಮಾತಾಡಿಸಿ ಬರೀಲಿ, ಗುಟ್ಟಿನ ವಿಷಯ ಬಿಟ್ಟು ಹೇಳೋಕೆ ಅವರ ಹತ್ರ ಬೇಕಾದಷ್ಟಿರುತ್ತೆ.

ಇಂತಿ,
ನಿಮ್ಮ ಓದುಗ, ಉಡುಪಿ