ಮ್ಯಾಟ್ ಕೆಳಗೆ ತಗಡೇ ಇಲ್ಲದ ಪದ್ಮಿನಿ: ನಿಮಗೆ ನನ್ನ ಕೊನೆಯ ಪತ್ರ

ಬೆಂಗಳೂರು
5 ನವೆಂಬರ್ 2025

ಗೆ,
ಮಾಲೀಕರು,
ಹಳೆ ಕಾರುಗಳ ಮಾರಾಟ ಮತ್ತು ಸರ್ವಿಸ್ ವಿಭಾಗ

ವಿಷಯ: 10 ಮೇ 2025ರಂದು ನಿಮ್ಮಲ್ಲಿ ಕೊಂಡ 1985ರ ಪ್ರೀಮಿಯರ್ ಪದ್ಮಿನಿಯ ತಳ ತುಕ್ಕು ಹಿಡಿದು ಹೋಗಿರುವುದು, ಆರ್‌ಸಿ (ನೋಂದಣಿ ಪತ್ರ) ಇನ್ನೂ ನನ್ನ ಹೆಸರಿಗೆ ಆಗದಿರುವುದು ಮತ್ತು ನಿನ್ನೆ ನೀವು ಕಳಿಸಿದ ಮೆಸೇಜ್.

ಮಾನ್ಯರೇ,

ನಿನ್ನೆ ಸಂಜೆ 5.40ಕ್ಕೆ ನಿಮ್ಮಿಂದ ಮೆಸೇಜ್ ಬಂತು. ‘ನಿಮ್ಮ ದೂರು ಬಗೆಹರಿದಿದೆ. ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ.’ ಆಗ ನಾನು ಮನೆ ಮುಂದೆ ಕಾರಿನ ಪಕ್ಕದಲ್ಲೇ ಇದ್ದೆ. ಡ್ರೈವರ್ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಅಂಗೈ ಅಗಲದ ತೂತು. ಅದರೊಳಗಿಂದ ರಸ್ತೆಯ ಜಲ್ಲಿ ಕಾಣುತ್ತಿತ್ತು. ಏನು ಬಗೆಹರಿದಿದೆ? ಜೂನ್‌ನಿಂದ ನಿಮಗೆ 17 ಸಲ ಫೋನ್ ಮಾಡಿದ್ದೇನೆ. ಒಂದು ಸಲವೂ ದನಿ ಏರಿಸಿಲ್ಲ. ಇನ್ನು ಫೋನ್ ಮಾಡುವುದಿಲ್ಲ.

ಈ ಕಾರನ್ನು ನಾನು ಶೋಕಿಗೆ ಕೊಂಡದ್ದಲ್ಲ. ನಮ್ಮ ತಂದೆ ಹನ್ನೊಂದು ವರ್ಷ ಪದ್ಮಿನಿ ಓಡಿಸಿದರು. 1997ರಲ್ಲಿ ಅಕ್ಕನ ಮದುವೆಗೆ ಅಂತ ಮಾರಿದರು. ಆಮೇಲೆ ಬದುಕಿದ್ದಷ್ಟು ದಿನವೂ ರಸ್ತೆಯಲ್ಲಿ ಪದ್ಮಿನಿ ಕಂಡರೆ ನಿಂತು ನೋಡುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಸುದ್ದಿ ಓದಿದೆ. ಅವತ್ತೇ ಒಂದನ್ನು ಮನೆಗೆ ತರಬೇಕು ಅನ್ನಿಸಿತು. ಒಂದೂವರೆ ವರ್ಷ ಹುಡುಕಿದೆ. ಹೊರಗಡೆ ಇದರ ಅರ್ಧ ಬೆಲೆಗೂ ಸಿಗುತ್ತಿತ್ತು. ನಿಮಗೆ 3,85,000 ರೂಪಾಯಿ ಕೊಟ್ಟೆ. ಯಾಕೆ? ನೀವು ಪರೀಕ್ಷೆ ಮಾಡಿ ಮಾರುತ್ತೀರಿ, ಆರು ತಿಂಗಳ ವಾರಂಟಿ ಕೊಡುತ್ತೀರಿ, ಆರ್‌ಸಿ ಮಾಡಿಸಿಕೊಡುತ್ತೀರಿ ಅಂತ.

ಎಂಜಿನ್ ಬಗ್ಗೆ ನನ್ನ ದೂರಿಲ್ಲ. ಬೆಳಿಗ್ಗೆ ಚೋಕ್ ಎಳೆದರೆ ಆ 1089 ಸಿಸಿ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಸ್ವಲ್ಪ ಸಡಿಲ. ಬ್ರೇಕ್ ನಾಲ್ಕೂ ಡ್ರಮ್, ಗಟ್ಟಿಯಾಗಿ ತುಳಿಯಬೇಕು. ಇದೆಲ್ಲ ಆ ಕಾರಿನ ಗುಣ, ನನಗೆ ಗೊತ್ತು. ಕಾರ್ಬೊರೇಟರ್ ಕಿಟ್‌ಗೆ ಜೆಸಿ ರೋಡ್ ಅಲೆದಿದ್ದೇನೆ. ಒಂದು ಬಾಗಿಲ ಹಿಡಿಗೆ ಶಿವಾಜಿನಗರದ ಗುಜರಿಯಲ್ಲಿ ಎರಡು ದಿನ ಕಳೆದಿದ್ದೇನೆ. ಅದಕ್ಕೆಲ್ಲ ನಿಮ್ಮ ಹತ್ತಿರ ಒಂದು ರೂಪಾಯಿ ಕೇಳಿಲ್ಲ. ಹಾಗಾಗಿ ಹಳೆ ಕಾರು ಅಂದರೆ ಏನು ಅಂತ ದಯವಿಟ್ಟು ನನಗೆ ಹೇಳಿಕೊಡಬೇಡಿ.

ನನ್ನ ದೂರು ತಳದ ಬಗ್ಗೆ. ಜೂನ್ ಎರಡನೇ ವಾರ ಬನಶಂಕರಿ ಹತ್ತಿರ ಮಳೆನೀರು ನಿಂತ ರಸ್ತೆಯಲ್ಲಿ ನಿಧಾನಕ್ಕೆ ಬಂದೆ. ಮನೆಗೆ ಬಂದು ನೋಡಿದರೆ ಕಾಲ ಕೆಳಗಿನ ಮ್ಯಾಟ್ ತೇಲುತ್ತಿತ್ತು. ಗಾಜಿನ ಬೀಡಿಂಗ್‌ನಿಂದ ಸೋರಿರಬೇಕು ಅಂದುಕೊಂಡೆ. ಮ್ಯಾಟ್ ಎತ್ತಿದೆ. ಹೊಸ ಕಪ್ಪು ಪೇಂಟ್ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ವಿಲ್ಸನ್ ಗಾರ್ಡನ್‌ನಲ್ಲಿ ನಲವತ್ತು ವರ್ಷದಿಂದ ಟಿಂಕರಿಂಗ್, ಅಂದರೆ ಕಾರಿನ ತಗಡಿನ ಕೆಲಸ, ಮಾಡುವ ಒಬ್ಬರ ಹತ್ತಿರ ಒಯ್ದೆ. ಅವರು ಮ್ಯಾಗ್ನೆಟ್ ಇಟ್ಟರು, ಅಂಟಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಒತ್ತಿದರು, ಕೆಳಗೆ ಇಳಿಯಿತು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಬದಲು ಫೈಬರ್ ಹಾಸಿ, ಪುಟ್ಟಿ ಮೆತ್ತಿ, ಕೆಳಗಿನಿಂದ ಅಂಡರ್‌ಬಾಡಿ ಕೋಟಿಂಗ್ ಹೊಡೆದಿದ್ದಾರೆ ಅಂದರು. ಎರಡೂ ಕಡೆ ತಳ ಮತ್ತು ಬಾಗಿಲ ಕೆಳಗಿನ ಪಟ್ಟಿ ಸೇರಿ 68,000 ರೂಪಾಯಿಯ ಕೆಲಸ.

ಇದು ಬರೀ ನೀರು ಸೋರುವ ಮಾತಲ್ಲ. ಪದ್ಮಿನಿಗೆ ಜೀಪಿನ ಹಾಗೆ ಭಾರ ಹೊರಲು ಬೇರೆ ಚೌಕಟ್ಟು, ಅಂದರೆ ಚಾಸಿಸ್, ಇಲ್ಲ. ಬಾಡಿಯೇ ಚಾಸಿಸ್. ತಳ, ಅಕ್ಕಪಕ್ಕದ ಪಟ್ಟಿ, ಕಂಬ ಎಲ್ಲ ಸೇರಿ ಭಾರ ಹೊರುತ್ತವೆ. ಸೀಟಿನ ಬೋಲ್ಟ್ ಕೂಡ ಅದೇ ತಗಡಿನ ಮೇಲೆ ನಿಂತಿದೆ. ಆ ಸೀಟಿನಲ್ಲಿ ನಾನು 74 ವರ್ಷದ ನನ್ನ ತಾಯಿಯನ್ನು ಕೂರಿಸಿಕೊಂಡು ಓಡಾಡಿದ್ದೇನೆ. ನೀವು ಕೊಟ್ಟ ಪರೀಕ್ಷೆಯ ಪಟ್ಟಿ ತೆಗೆದು ನೋಡಿ. 31ನೇ ಸಾಲು. ‘ತಳದ ತಗಡು: ಮೂಲ ಲೋಹ, ಚೆನ್ನಾಗಿದೆ.’ ಪಕ್ಕದಲ್ಲಿ ನಿಮ್ಮವರ ಸಹಿ, ಸೀಲು. ವಾರಂಟಿ ಪತ್ರದ 6ನೇ ಷರತ್ತನ್ನೂ ಓದಿ. ಪಟ್ಟಿಯಲ್ಲಿ ಬರೆದದ್ದು ತಪ್ಪಾಗಿದ್ದರೆ ನಿಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಬರೆದವರು ನೀವೇ ಅಲ್ವಾ?

ಆರ್‌ಸಿ ಕಥೆ ಬೇರೆ. ಅದರ ಅವಧಿ ಆಗಸ್ಟ್ 12ಕ್ಕೆ ಮುಗಿಯುತ್ತಿತ್ತು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಸರು ಬದಲಾವಣೆಯ ಫಾರಂಗಳಿಗೆ ನನ್ನ ಸಹಿ ಮೇ ತಿಂಗಳಲ್ಲೇ ತೆಗೆದುಕೊಂಡಿರಿ. ಖರ್ಚಿಗೆ ಅಂತ 12,000 ರೂಪಾಯಿಯನ್ನೂ ತೆಗೆದುಕೊಂಡಿರಿ. ಕೇಳಿದಾಗಲೆಲ್ಲ ‘ಆರ್‌ಟಿಒದಲ್ಲಿ ಪೆಂಡಿಂಗ್ ಸರ್’ ಅಂದಿರಿ. ಅರ್ಜಿಯನ್ನೇ ಹಾಕಿರಲಿಲ್ಲ. ಅದೇ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕ 5,000ದಿಂದ 10,000ಕ್ಕೆ ಏರಿತು. ತಡವಾದ ಪ್ರತಿ ತಿಂಗಳಿಗೆ 500 ಬೇರೆ. ಈಗ ವ್ಯತ್ಯಾಸವನ್ನು ನಾನು ಕಟ್ಟಬೇಕಂತೆ.

ನನ್ನ ಅನುಮಾನವನ್ನೂ ಹೇಳಿಬಿಡುತ್ತೇನೆ. ನವೀಕರಣ ಆಗಬೇಕಾದರೆ ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಈ ತಳ ಇಟ್ಟುಕೊಂಡು ನಿಲ್ಲಿಸಲು ನಿಮಗೆ ಧೈರ್ಯ ಬರಲಿಲ್ಲ. ಧೈರ್ಯ ಬಾರದ ಕಾರಲ್ಲಿ ನನ್ನನ್ನು ಕೂರಿಸಿ ಕಳಿಸಿದಿರಿ.

ಈಗ ಸೆಪ್ಟೆಂಬರ್ 20ರ ಶನಿವಾರದ ವಿಚಾರ. ಅದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ.

ಬೆಳಿಗ್ಗೆ 11ಕ್ಕೆ ಬನ್ನಿ ಅಂತ ನೀವೇ ಸಮಯ ಕೊಟ್ಟಿದ್ದಿರಿ. 10.50ಕ್ಕೆ ಆಟೋದಲ್ಲಿ ಬಂದೆವು. ತಾಯಿ ತಾವೂ ಬರುತ್ತೇನೆ ಅಂದರು, ಯಾಕಂದರೆ ಕಾರಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಲಕ್ಷ ಅವರ ಪಿಂಚಣಿಯದು. ನಿಮ್ಮ ಮ್ಯಾನೇಜರ್ ಗಾಜಿನ ಕೋಣೆಯೊಳಗೆ ಇದ್ದರು, ನಮಗೆ ಕಾಣುತ್ತಿದ್ದರು, ಅವರಿಗೂ ನಾವು ಕಾಣುತ್ತಿದ್ದೆವು. ಹೊರಗೆ ಮೂರು ಕುರ್ಚಿ. ಎರಡರಲ್ಲಿ ಕಾರು ನೋಡಲು ಬಂದ ಗಂಡ ಹೆಂಡತಿ, ಮೂರನೆಯದರ ಮೇಲೆ ಫೈಲುಗಳು. ಫೈಲು ತೆಗೆಯಲೇ ಅಂತ ನಿಮ್ಮ ಹುಡುಗಿಯನ್ನು ಕೇಳಿದೆ. ‘ಮುಟ್ಬೇಡಿ ಸರ್, ಡೆಲಿವರಿ ಫೈಲು’ ಅಂದರು. ತಾಯಿ 40 ನಿಮಿಷ ಗೋಡೆಗೆ ಒರಗಿ ನಿಂತರು. ಆ ಗಂಡ ಹೆಂಡತಿಗೆ ಟೀ ಬಂತು, ಬಿಸ್ಕತ್ತು ಬಂತು. ನಮಗೆ ನೀರೂ ಬರಲಿಲ್ಲ. ಕೊನೆಗೆ ಆ ಹೆಂಗಸೇ ಎದ್ದು ‘ಅಮ್ಮ, ನೀವು ಕೂತ್ಕೊಳ್ಳಿ’ ಅಂದರು.

11.35ಕ್ಕೆ ಮ್ಯಾನೇಜರ್ ಹೊರಗೆ ಬಂದರು. ಒಳಗೆ ಕರೆಯಲಿಲ್ಲ. ಅಲ್ಲೇ, ಎಲ್ಲರ ಮುಂದೆ, ‘ಹೇಳಿ’ ಅಂದರು. ನಾನು ಫೋಟೊ ತೋರಿಸಿದೆ. ನೋಡಲಿಲ್ಲ. 31ನೇ ಸಾಲು ತೋರಿಸಿದೆ. ‘ಅದು ಜನರಲ್ ಆಗಿ ಬರೆಯೋದು ಸರ್’ ಅಂದರು. ಮನೆಯಿಂದ ಫ್ರಿಡ್ಜ್ ಮ್ಯಾಗ್ನೆಟ್ ತಂದಿದ್ದೆ. ನಿಲ್ಲಿಸಿದ್ದ ಇನ್ನೊಂದು ಕಾರಿನ ತಳದಲ್ಲಿ ಇಟ್ಟು ತೋರಿಸಲೇ ಅಂದೆ. ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ‘ಪೇಂಟ್ ಹಾಳಾದ್ರೆ ಯಾರು ಕೊಡ್ತಾರೆ?’ ಅಂದು ಮೇಜಿನ ಡ್ರಾಯರ್‌ಗೆ ಹಾಕಿಕೊಂಡರು. ಆಮೇಲೆ ಅಂದದ್ದು ಇದು: ‘ಸರ್, ನೀವು ಅಪ್ಪನ ನೆನಪಿಗೆ ಅಂತ ತಗೊಂಡ್ರಿ. ನೆನಪಿಗೆಲ್ಲ ವಾರಂಟಿ ಇರಲ್ಲ. ಮೇಂಟೇನ್ ಮಾಡೋಕೆ ಆಗಲ್ಲ ಅಂದ್ರೆ ಸುಮ್ನೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೋಬೇಕಿತ್ತು.’ ನಾನು ಉತ್ತರ ಕೊಡುವ ಮೊದಲೇ ತಾಯಿ ಕಡೆ ನೋಡಿ, ‘ಅಜ್ಜಿನ ಯಾಕೆ ಕರ್ಕೊಂಡು ಬಂದ್ರಿ? ಕನಿಕರ ಬರಲಿ ಅಂತಾನಾ?’ ಅಂದರು.

ತಾಯಿ ನನ್ನ ತೋಳು ಹಿಡಿದು ‘ಬಾರೋ, ಹೋಗೋಣ’ ಅಂದರು. ವಾಪಸ್ ಹೋಗುವಾಗ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, ಆ ಕಾರನ್ನು ಮಾರಿಬಿಡು ಅಂದರು. ತಂದೆ ಹೋದ ಮೇಲೆ ಆ ಕಾರು ಮನೆಗೆ ಬಂದ ದಿನದಷ್ಟು ಖುಷಿಯಾಗಿ ನಾನು ಅವರನ್ನು ನೋಡಿರಲಿಲ್ಲ. ಅದನ್ನೂ ನೀವು ತೆಗೆದುಕೊಂಡಿರಿ. ತಗಡಿಗೆ ಬೆಲೆ ಕಟ್ಟಬಹುದು. ಇದಕ್ಕೆ ಎಷ್ಟು ಅಂತ ನಿಮ್ಮ ಮ್ಯಾನೇಜರನ್ನೇ ಕೇಳಿ.

ನನ್ನ ಬೇಡಿಕೆ: ತಳದ ಕೆಲಸದ 68,000 ಕೊಡಿ. ಆರ್‌ಸಿ ನವೀಕರಿಸಿ ನನ್ನ ಹೆಸರಿಗೆ ಮಾಡಿಸಿ, ಹೆಚ್ಚಾದ ಶುಲ್ಕ, ದಂಡ ಎಲ್ಲ ನಿಮ್ಮದು. ನಿಮ್ಮ ಮ್ಯಾನೇಜರ್ ನಮ್ಮ ಮನೆಗೆ ಬಂದು ತಾಯಿಯ ಕ್ಷಮೆ ಕೇಳಬೇಕು. ಬರುವಾಗ ಆ ಮ್ಯಾಗ್ನೆಟ್ ತರಬೇಕು.

ವಾರಂಟಿ ಮುಗಿಯಲು ಇನ್ನೂ ನಾಲ್ಕು ದಿನ ಇದೆ, ಅದಕ್ಕೇ ಇದನ್ನು ಅಂಚೆಯಲ್ಲಿ, ನಿಮ್ಮ ಸಹಿ ಪಡೆದೇ ತಲುಪಿಸುವ ಹಾಗೆ ಕಳಿಸುತ್ತಿದ್ದೇನೆ. ನವೆಂಬರ್ 20ರವರೆಗೆ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ, ಮೊಕದ್ದಮೆಯನ್ನು ನಾನೇ ನಡೆಸುತ್ತೇನೆ. ಹಳೆ ವಾಹನ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು ಎನ್ನುವ ನಿಯಮ 2023ರ ಏಪ್ರಿಲ್‌ನಿಂದ ಇದೆ. ನಿಮ್ಮದು ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ, 40 ನಿಮಿಷ ನಿಂತು ಓದಿದ್ದೇನೆ. ಅದನ್ನು ಕೊಟ್ಟ ಕಚೇರಿಗೂ 31ನೇ ಸಾಲಿನ ಪ್ರತಿ ಹೋಗುತ್ತದೆ.

ನವೆಂಬರ್ 22 ಶನಿವಾರ. ನಿಮ್ಮ ಶೋರೂಮಿಗೆ ಜನ ಜಾಸ್ತಿ ಬರುವ ದಿನ. ಅವತ್ತು ಕಾರನ್ನು ಟೋ ಮಾಡಿಸಿಕೊಂಡು ಬಂದು ನಿಮ್ಮ ಗೇಟಿನ ಎದುರಿನ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸುತ್ತೇನೆ. ನಾಲ್ಕೂ ಬಾಗಿಲು ತೆಗೆದಿರುತ್ತೇನೆ, ಮ್ಯಾಟ್ ಹಾಕಿರುವುದಿಲ್ಲ. ಪಕ್ಕದಲ್ಲಿ ತಾಯಿಗೆ ಒಂದು ಕುರ್ಚಿ ನಾನೇ ತರುತ್ತೇನೆ.

ಇಂತಿ,
ಬನಶಂಕರಿ 2ನೇ ಹಂತದ ನಿಮ್ಮ ಗ್ರಾಹಕ